ಊರಿನ ಮೈದಾನದಲ್ಲಿ ಮಾದರಿ ರಾಕೆಟ್: ಕಾಸರಗೋಡಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಶಾಲೆಯ ವಿಜ್ಞಾನ ಮೇಳದಲ್ಲಿ ಬಾಟಲಿಯ ರಾಕೆಟ್ ಹಾರಿದ್ದನ್ನು ಕಂಡ ಮಕ್ಕಳು ಮನೆಗೆ ಹೋದ ಮೇಲೂ ಅದರ ಬೆನ್ನು ಬಿಡುವುದಿಲ್ಲ. ಅಂಥ ಮಕ್ಕಳ ಹೆತ್ತವರು, ಬದಿಯಡ್ಕ, ಪೆರ್ಲ, ಕುಂಬಳೆ, ಮುಳ್ಳೇರಿಯ ಪರಿಸರದ ಅಧ್ಯಾಪಕರು ಮತ್ತು ಮೈದಾನದ ಉಸ್ತುವಾರಿ ನೋಡಿಕೊಳ್ಳುವವರು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇವೆ. ಹೊರದೇಶದ ಕೈಪಿಡಿಗಳು ವಿಶಾಲವಾದ ಹುಲ್ಲುಗಾವಲನ್ನು ಕಣ್ಣಮುಂದಿಟ್ಟುಕೊಂಡು ಬರೆದವು. ನಮ್ಮಲ್ಲಿ ಮೈದಾನದ ಗಡಿ ದಾಟಿದರೆ ಅಡಿಕೆ ತೋಟ, ಅದರಾಚೆ ವಿದ್ಯುತ್ ತಂತಿ. ಆದ್ದರಿಂದ ಉತ್ತರಗಳೂ ಬೇರೆಯಾಗಲೇಬೇಕು.

ಮಾದರಿ ರಾಕೆಟ್ ಎಂದರೆ ಏನು? ವಿಷುವಿಗೆ ಬಿಡುವ ಬಾಣಕ್ಕೂ ಅದಕ್ಕೂ ಏನು ವ್ಯತ್ಯಾಸ?

ಪಟಾಕಿಯ ಬಾಣ ಒಮ್ಮೆ ಉರಿದು ಮುಗಿಯುವಂಥದು; ಅದು ಎಲ್ಲಿ ಬೀಳುತ್ತದೆಂಬ ಚಿಂತೆ ತಯಾರಿಸಿದವನಿಗೂ ಇಲ್ಲ, ಬಿಟ್ಟವನಿಗೂ ಇಲ್ಲ. ಮಾದರಿ ರಾಕೆಟ್ಟನ್ನು ಕಾಗದ, ರಟ್ಟು, ಹಗುರವಾದ ಮರ ಅಥವಾ ಪ್ಲಾಸ್ಟಿಕ್‌ನಿಂದ ಮಾಡಿ, ಹಾರಿಸಿ, ಕ್ಷೇಮವಾಗಿ ಇಳಿಸಿ, ಮತ್ತೆ ಹಾರಿಸುತ್ತಾರೆ. ಈ ಹವ್ಯಾಸ 1950ರ ದಶಕದಲ್ಲಿ ಅಮೆರಿಕದಲ್ಲಿ ರೂಪುಗೊಂಡಿತು. ಆರ್ವಿಲ್ ಕಾರ್ಲೈಲ್ ಮತ್ತು ಅವರ ಸಹೋದರ ರಾಬರ್ಟ್ 1954ರಲ್ಲಿ ನೆಬ್ರಾಸ್ಕಾದ ನಾರ್‌ಫೋಕ್ ಎಂಬ ಊರಿನಲ್ಲಿ ಮಾಡಿದ ಪುಟ್ಟ ರಾಕೆಟ್ಟನ್ನು ಇದರ ಮೊದಲ ಮಾದರಿ ಎಂದು ಗಣಿಸುತ್ತಾರೆ. ಲೋಹದ ಕೊಳವೆಗೆ ತಾವೇ ಮದ್ದು ತುಂಬಿ ಕೈಬೆರಳು ಕಳೆದುಕೊಳ್ಳುತ್ತಿದ್ದ ಹುಡುಗರನ್ನು ಆ ಅಪಾಯದಿಂದ ದೂರ ಸರಿಸುವುದು ಈ ಹವ್ಯಾಸವನ್ನು ಬೆಳೆಸಿದವರ ಮುಖ್ಯ ಕಾಳಜಿಯಾಗಿತ್ತು. ಅದಕ್ಕಾಗಿಯೇ ಕಾರ್ಖಾನೆಯಲ್ಲಿ ತಯಾರಾದ, ಒಮ್ಮೆ ಬಳಸಿ ಬಿಸಾಡುವ ಮೋಟಾರು ಬಂದಿತು.

ಆ ಮೋಟಾರು ಹೇಗೆ ಕೆಲಸ ಮಾಡುತ್ತದೆ?

ಗಟ್ಟಿ ಕಾಗದದ ಕೊಳವೆಯ ಕೆಳತುದಿಯಲ್ಲಿ ಅನಿಲ ಹೊರಚಿಮ್ಮುವ ಜೇಡಿಮಣ್ಣಿನ ಕಿರುಬಾಯಿ, ಅದರ ಮೇಲೆ ಒತ್ತಿ ತುಂಬಿದ ಕರಿಮದ್ದು, ಅದರ ಮೇಲೆ ನಿಧಾನವಾಗಿ ಉರಿಯುವ ವಿಳಂಬದ ಪದರ, ಕೊನೆಯಲ್ಲಿ ಪ್ಯಾರಾಚೂಟನ್ನು ಹೊರದಬ್ಬುವ ಚಿಕ್ಕ ಮದ್ದು ಇರುತ್ತದೆ. ಅದರ ಮೈಮೇಲೆ ‘ಬಿ6-4’ ಎಂಬಂಥ ಗುರುತು ಅಚ್ಚಾಗಿರುತ್ತದೆ. ಅಕ್ಷರವು ಒಟ್ಟು ಆವೇಗವನ್ನು, ಅಂದರೆ ಸರಾಸರಿ ನೂಕುಬಲವನ್ನು ಅದು ಉಳಿಯುವ ಸೆಕೆಂಡುಗಳಿಂದ ಗುಣಿಸಿದ ಮೊತ್ತವನ್ನು, ಹೇಳುತ್ತದೆ: ‘ಎ’ ಎಂದರೆ 2.5 ನ್ಯೂಟನ್-ಸೆಕೆಂಡಿನವರೆಗೆ, ‘ಬಿ’ ಎಂದರೆ 5ರವರೆಗೆ, ‘ಸಿ’ ಎಂದರೆ 10ರವರೆಗೆ, ಹೀಗೆ ಪ್ರತಿ ಅಕ್ಷರಕ್ಕೂ ಮಿತಿ ಇಮ್ಮಡಿಯಾಗುತ್ತದೆ. ನಡುವಿನ ಅಂಕಿ ಸರಾಸರಿ ನೂಕುಬಲವನ್ನು ನ್ಯೂಟನ್‌ಗಳಲ್ಲಿ ತಿಳಿಸುತ್ತದೆ. ಕೊನೆಯ ಅಂಕಿ, ಮದ್ದು ಉರಿದು ಮುಗಿದ ಬಳಿಕ ಪ್ಯಾರಾಚೂಟ್ ಹೊರಬರುವುದಕ್ಕೆ ಎಷ್ಟು ಸೆಕೆಂಡು ಬೇಕೆಂಬುದನ್ನು ಹೇಳುತ್ತದೆ.

ಅಂಥ ಮೋಟಾರನ್ನು ತರಿಸಿಕೊಂಡು ಪಂಚಾಯತ್ ಮೈದಾನದಲ್ಲಿ ಹಾರಿಸಬಹುದೇ?

ನಮ್ಮ ಸಲಹೆ: ಬೇಡ. ಭಾರತದಲ್ಲಿ ಸ್ಫೋಟಕಗಳ ತಯಾರಿ, ಆಮದು, ದಾಸ್ತಾನು ಮತ್ತು ಸಾಗಾಟ 1884ರ ಸ್ಫೋಟಕಗಳ ಕಾಯಿದೆ ಹಾಗೂ 2008ರ ಸ್ಫೋಟಕಗಳ ನಿಯಮಗಳಿಗೆ ಒಳಪಟ್ಟಿವೆ. ಪರವಾನಗಿ ನೀಡುವ ಕೇಂದ್ರ ಸಂಸ್ಥೆ ಪೆಸೋದ ಪ್ರಧಾನ ಕಚೇರಿ ನಾಗಪುರದಲ್ಲಿದೆ. ಗಲ್ಫಿನಿಂದ ಊರಿಗೆ ಬರುವ ಬಂಧುಗಳ ಪೆಟ್ಟಿಗೆಯಲ್ಲಿ ಒಂದೆರಡು ಮೋಟಾರು ತರಿಸಬಹುದೇ ಎಂದು ಕೇಳುವವರಿದ್ದಾರೆ. ವಿಮಾನದ ಲಗೇಜಿನಲ್ಲಿ ಸ್ಫೋಟಕ ತರುವುದು ಎಷ್ಟು ದೊಡ್ಡ ಅಪರಾಧ ಎಂಬುದನ್ನು ಆ ಬಂಧುವಿಗೇ ಮೊದಲು ತಿಳಿಸಿರಿ. ಪರವಾನಗಿ ಪಡೆದ ಸಂಸ್ಥೆಯೊಂದು ಮೋಟಾರುಗಳನ್ನು ತಂದು, ತನ್ನ ತಜ್ಞರ ಕೈಯಿಂದಲೇ, ಪೊಲೀಸರಿಗೂ ಅಗ್ನಿಶಾಮಕ ದಳಕ್ಕೂ ತಿಳಿಸಿ ನಡೆಸುವ ಪ್ರದರ್ಶನದ ಮಾತು ಬೇರೆ. ಆದಿತ್ಯವಾರ ಬೆಳಿಗ್ಗೆ ಮಕ್ಕಳನ್ನು ಕೂಡಿಕೊಂಡು ಮಾಡುವ ಕೆಲಸ ಅದಲ್ಲ.

ಕಾನೂನನ್ನು ಬದಿಗಿಟ್ಟರೂ ನಮ್ಮ ಜಿಲ್ಲೆಗೆ ಇನ್ನೊಂದು ಕಾರಣವಿದೆ. 2024ರ ಅಕ್ಟೋಬರ್ ಕೊನೆಯಲ್ಲಿ ನೀಲೇಶ್ವರದ ಕ್ಷೇತ್ರವೊಂದರ ಕಳಿಯಾಟದ ವೇಳೆ ಪಟಾಕಿ ದಾಸ್ತಾನಿಗೆ ಕಿಡಿ ತಗಲಿ ನೂರಕ್ಕೂ ಹೆಚ್ಚು ಮಂದಿ ಗಾಯಗೊಂಡರು. ಕೆಲವರು ಬದುಕಿ ಉಳಿಯಲಿಲ್ಲ. ಮದ್ದಿನ ಹೆಸರು ಕೇಳಿದೊಡನೆ ಠಾಣೆಯವರೂ ಊರಿನವರೂ ಹಿಂಜರಿದರೆ ಅದು ಅತಿಯಾದ ಅಂಜಿಕೆಯಲ್ಲ.

ಸಕ್ಕರೆ ಬೆರೆಸಿ ಇಂಧನ ಮಾಡುವ ವಿಡಿಯೋಗಳನ್ನು ಮಗ ನೋಡುತ್ತಿದ್ದಾನೆ. ಅಡ್ಡಿಯಿಲ್ಲವೇ?

ಅಡ್ಡಿಯಿದೆ. ಹಾರಿಸುವ ಉದ್ದೇಶಕ್ಕೆ ಪರವಾನಗಿಯಿಲ್ಲದೆ ಮನೆಯಲ್ಲಿ ಇಂಧನ ತಯಾರಿಸುವುದು ಕಾನೂನಿಗೆ ವಿರುದ್ಧ, ಜೀವಕ್ಕೂ ಅಪಾಯ. ಹುಡುಗನನ್ನು ಬೈದು ಬಿಟ್ಟರೆ ಅವನು ಮರೆಯಲ್ಲಿ ಮಾಡುತ್ತಾನೆ. ನೀರಿನ ರಾಕೆಟ್ಟನ್ನು ಅವನ ಕೈಗೆ ಕೊಡುವುದು ಹೆಚ್ಚು ಜಾಣತನ.

ನೀರಿನ ರಾಕೆಟ್ ನಿಜವಾದ ರಾಕೆಟ್ಟೇ, ಅಥವಾ ಬರೀ ಆಟಿಕೆಯೇ?

ನಿಜವಾದ ರಾಕೆಟ್ಟೇ. ಬಾಟಲಿಯೊಳಗೆ ಒತ್ತಡದಲ್ಲಿರುವ ಗಾಳಿ ನೀರನ್ನು ಕೆಳಗೆ ದಬ್ಬುತ್ತದೆ. ನೀರು ಕೆಳಗೆ ಹೋದಷ್ಟು ಆವೇಗದಿಂದ ಬಾಟಲಿ ಮೇಲಕ್ಕೆ ಹೋಗುತ್ತದೆ. 1963ರ ನವೆಂಬರ್ 21ರಂದು ನಮ್ಮದೇ ರಾಜ್ಯದ ತಿರುವನಂತಪುರದ ಬಳಿಯ ತುಂಬಾದಿಂದ ಮೇಲೇರಿದ ನೈಕಿ-ಅಪಾಚಿ ರಾಕೆಟ್ಟಿಗೂ, 1967ರಲ್ಲಿ ಅಲ್ಲಿಂದಲೇ ಹಾರಿದ 75 ಮಿಲಿಮೀಟರ್ ವ್ಯಾಸದ ರೋಹಿಣಿ ರಾಕೆಟ್ಟಿಗೂ ಅನ್ವಯಿಸಿದ್ದು ನ್ಯೂಟನ್ನನ ಅದೇ ಮೂರನೆಯ ನಿಯಮ. ಶಕ್ತಿ ಎಲ್ಲಿಂದ ಬರುತ್ತದೆ ಎಂಬುದಷ್ಟೇ ಬೇರೆ: ಅಲ್ಲಿ ಉರಿಯುವ ಇಂಧನ, ಇಲ್ಲಿ ಸೈಕಲ್ ಪಂಪು ಒತ್ತುವ ಕಾಲು. ಮದ್ದಿನ ರಾಕೆಟ್ಟಿಗಿಂತ ಇದರಲ್ಲಿ ಕಲಿಯುವುದು ಹೆಚ್ಚು ಎಂದೇ ನಮ್ಮ ಅಭಿಪ್ರಾಯ. ಮೋಟಾರನ್ನು ಅಂಗಡಿಯಿಂದ ತಂದವನು ಅದರ ಒಳಗನ್ನು ಬದಲಿಸಲಾರ. ಇಲ್ಲಿ ನೀರಿನ ಪ್ರಮಾಣ, ಒತ್ತಡ, ತೂಕ ಎಲ್ಲವೂ ಮಗುವಿನ ಕೈಯಲ್ಲೇ ಇರುತ್ತವೆ, ಒಂದೊಂದನ್ನೇ ಬದಲಿಸಿ ಪರಿಣಾಮ ನೋಡಬಹುದು.

ಎಷ್ಟು ನೀರು ತುಂಬಬೇಕು?

ಬಾಟಲಿಯ ಕಾಲು ಭಾಗದಿಂದ ಮೂರನೆಯ ಒಂದು ಭಾಗದವರೆಗೆ. ಎರಡು ಲೀಟರಿನ ಬಾಟಲಿಗೆ ಅರ್ಧ ಲೀಟರಿಗಿಂತ ತುಸು ಹೆಚ್ಚು ನೀರು ಸಾಕು. ಹೆಚ್ಚು ನೀರಿದ್ದರೆ ಹೆಚ್ಚು ಎತ್ತರ ಎಂದು ಮಕ್ಕಳೆಲ್ಲರೂ ಮೊದಲು ಊಹಿಸುತ್ತಾರೆ. ಆದರೆ ಶಕ್ತಿಯನ್ನು ಕೂಡಿಟ್ಟುಕೊಳ್ಳುವುದು ಗಾಳಿ. ನೀರು ಆ ಶಕ್ತಿಯಿಂದ ಹೊರಚಿಮ್ಮುವ ತೂಕ ಮಾತ್ರ. ಮುಕ್ಕಾಲು ಪಾಲು ನೀರು ತುಂಬಿದ ಬಾಟಲಿಯಲ್ಲಿ ಗಾಳಿಗೆ ಜಾಗವೇ ಇರುವುದಿಲ್ಲ, ಅದು ಭಾರವಾಗಿ ಎದ್ದು ಅಲ್ಲೇ ಮಗುಚುತ್ತದೆ. ನೀರೇ ಇಲ್ಲದ ಬಾಟಲಿಯೂ ಹಾರುತ್ತದೆ, ಆದರೆ ಗಾಳಿ ತೀರ ಹಗುರವಾದ ಕಾರಣ ನೂಕು ಸಾಲದೆ ಬೇಗನೆ ಸೋಲುತ್ತದೆ. ಒಂದೇ ಒತ್ತಡದಲ್ಲಿ ನೀರಿನ ಪ್ರಮಾಣವನ್ನು ಮಾತ್ರ ಬದಲಿಸುತ್ತ ಹೋಗಿ ಎತ್ತರದ ನಕ್ಷೆ ಬರೆಯಿಸಿದರೆ ಏಳನೆಯ ತರಗತಿಯ ಮಗುವಿಗೂ ವಿಷಯ ತಾನಾಗಿ ತಿಳಿಯುತ್ತದೆ.

ಎಷ್ಟು ಒತ್ತಡ ಹಾಕಬಹುದು? ಬಾಟಲಿ ಒಡೆಯುವುದಿಲ್ಲವೇ?

ಇಡೀ ಕೆಲಸದಲ್ಲಿ ಅತಿ ಹೆಚ್ಚು ಎಚ್ಚರ ಬೇಕಾದದ್ದು ಇಲ್ಲೇ. ಒತ್ತಡ ತೋರಿಸುವ ಮಾಪಕವಿಲ್ಲದ ಪಂಪನ್ನು ಬಳಸಲೇಬಾರದು. ಮಕ್ಕಳಿರುವಲ್ಲಿ 60 ಪಿಎಸ್‌ಐ (ಚದರ ಇಂಚಿಗೆ ಪೌಂಡ್ ಲೆಕ್ಕದ ಒತ್ತಡ), ಅಂದರೆ ಸುಮಾರು 4 ಬಾರ್, ನಮ್ಮ ಮೇಲಿನ ಮಿತಿ. ಆರಂಭದ ಹಾರಾಟಗಳಿಗೆ 40 ಸಾಕು. ಟಯರು ಅಂಗಡಿಯ ಕಂಪ್ರೆಸರನ್ನು ಜೋಡಿಸಬೇಡಿ. ಅದು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಮಿತಿ ದಾಟಿಸಿಬಿಡುತ್ತದೆ.

ಬಳಸಬೇಕಾದದ್ದು ಸೋಡಾ, ಕೋಲಾದಂಥ ಗ್ಯಾಸು ತುಂಬಿದ ಪಾನೀಯದ ಬಾಟಲಿ. ಅದು ಒತ್ತಡ ತಡೆಯಲೆಂದೇ ಮಾಡಿದ್ದು. ಅದರ ತಳದಲ್ಲಿ ಐದು ಉಬ್ಬುಗಳಿರುವುದೂ ಅದಕ್ಕಾಗಿಯೇ. ಕುಡಿಯುವ ನೀರಿನ ತೆಳು ಬಾಟಲಿ, ಜ್ಯೂಸಿನ ಚೌಕ ಬಾಟಲಿ, ಗಾಜು, ಲೋಹ ಯಾವುದೂ ಕೂಡದು. ಹೊಸ ಬಾಟಲಿಯನ್ನು ಅಥವಾ ಹೊಸದಾಗಿ ಜೋಡಿಸಿದ ಉಡಾವಣಾ ಪೀಠವನ್ನು (ಗಾಳಿ ತುಂಬುವಾಗ ಬಾಟಲಿಯನ್ನು ಹಿಡಿದಿಟ್ಟು, ಹಗ್ಗ ಎಳೆದಾಗ ಬಿಡುವ ಚೌಕಟ್ಟು) ಪರೀಕ್ಷಿಸುವಾಗ ಬಾಟಲಿಯ ಕಂಠದವರೆಗೂ ನೀರು ತುಂಬಿ ಒತ್ತಡ ಹಾಕಬೇಕು. ನೀರು ಗಾಳಿಯಂತೆ ಕುಗ್ಗುವುದಿಲ್ಲವಾದ್ದರಿಂದ ಬಾಟಲಿ ಸೀಳಿದರೂ ಸಿಡಿಯದೆ ನೀರು ಸೋರಿ ಮುಗಿಯುತ್ತದೆ.

ಬಾಟಲಿಯ ಮೈ ಎಲ್ಲಿಯಾದರೂ ಬೆಳ್ಳಗಾದರೆ, ಗೀರು ಬಿದ್ದರೆ, ಮುರಕಲ್ಲಿನ ಮೇಲೆ ಬಿದ್ದು ನೆಗ್ಗಿದರೆ ಅದನ್ನು ಆ ಕ್ಷಣವೇ ಬಿಟ್ಟುಬಿಡಿ. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಬಾಟಲಿಗಳನ್ನು ಇಡಬಾರದು. ಬಿಸಿ ಅಂಟನ್ನು ನೇರವಾಗಿ ಮೆತ್ತಬಾರದು. ಸುಮಾರು 75 ಡಿಗ್ರಿ ಸೆಲ್ಸಿಯಸ್ ದಾಟಿದರೆ ಈ ಪ್ಲಾಸ್ಟಿಕ್ ಮೆದುವಾಗಿ ತನ್ನ ಬಲ ಕಳೆದುಕೊಳ್ಳುತ್ತದೆ. ರೆಕ್ಕೆ ಅಂಟಿಸಲು ಅಗಲವಾದ ಬಟ್ಟೆಯ ಟೇಪೇ ಒಳ್ಳೆಯದು.

ರೆಕ್ಕೆಗಳನ್ನು ಯಾವುದರಿಂದ ಮಾಡಬೇಕು?

ಪ್ರಚಾರ ಫಲಕಗಳಿಗೆ ಬಳಸುವ ಪೊಳ್ಳು ಪ್ಲಾಸ್ಟಿಕ್ ಹಲಗೆ ಎಲ್ಲೆಡೆ ಸಿಗುತ್ತದೆ. ನಮಗೆ ಹೆಚ್ಚು ಮೆಚ್ಚುಗೆಯಾದದ್ದು ಅಡಿಕೆ ಹಾಳೆ. ನೆನೆಸಿ, ಚಪ್ಪಟೆಯಾದ ಎರಡು ಹಲಗೆಗಳ ನಡುವೆ ಭಾರವಿಟ್ಟು ಒಣಗಿಸಿ ಕತ್ತರಿಸಿದರೆ ಅದು ಹಗುರವೂ ಗಡುಸೂ ಆಗಿರುತ್ತದೆ, ನೆಲಕ್ಕೆ ಬಡಿದರೆ ಮುರಿಯದೆ ಬಾಗುತ್ತದೆ. ಮಳೆಗಾಲದ ತೇವಕ್ಕೆ ಮಾತ್ರ ಸೊಟ್ಟಗಾಗುತ್ತದೆ. ಒಂದು ಕೈ ವಾರ್ನಿಷ್ ಬಳಿದರೆ ಒಂದಿಷ್ಟು ಕಾಲ ಬಾಳಿಕೆ ಬರುತ್ತದೆ. ಮೂರು ಅಥವಾ ನಾಲ್ಕು ರೆಕ್ಕೆ ಸಾಕು. ತಗಡು ಬೇಡ.

ನಮ್ಮ ರಾಕೆಟ್ ಮೇಲೇರಿ ಗಿರಗಿರನೆ ತಿರುಗಿ ಬೀಳುತ್ತದೆ. ಏಕೆ?

ತೂಕ ಹಿಂದಕ್ಕೆ ಹೆಚ್ಚಾಗಿರುವುದರಿಂದ. ರಾಕೆಟ್ಟಿನ ತೂಕವೆಲ್ಲ ಒಂದು ಬಿಂದುವಿನಲ್ಲಿ ನೆಲೆಸಿದೆ ಎಂದುಕೊಳ್ಳಿ, ಅದು ಗುರುತ್ವ ಕೇಂದ್ರ. ಬದಿಯಿಂದ ಬೀಸುವ ಗಾಳಿಯ ಒತ್ತಡವೆಲ್ಲ ಇನ್ನೊಂದು ಬಿಂದುವಿನಲ್ಲಿ ನೆಲೆಸುತ್ತದೆ, ಅದು ಒತ್ತಡ ಕೇಂದ್ರ. ಮೊದಲನೆಯದು ಎರಡನೆಯದಕ್ಕಿಂತ ಕನಿಷ್ಠ ಬಾಟಲಿಯ ಒಂದು ವ್ಯಾಸದಷ್ಟು ಮೂತಿಯ ಕಡೆಗೆ ಇರಬೇಕು. ರೆಕ್ಕೆಗಳನ್ನು ಆದಷ್ಟು ಕೆಳಕ್ಕೆ ಅಂಟಿಸಿ, ಮೂತಿಯೊಳಗೆ ಸ್ವಲ್ಪ ಆವೆಮಣ್ಣು ಸೇರಿಸಿದರೆ ಇದು ಸಾಧ್ಯವಾಗುತ್ತದೆ. ನೀರಿಲ್ಲದ ರಾಕೆಟ್ಟನ್ನು ಅದರ ಸಮತೋಲದ ಬಿಂದುವಿನಲ್ಲಿ ದಾರಕ್ಕೆ ಕಟ್ಟಿ ತಲೆಯ ಸುತ್ತ ತಿರುಗಿಸಿ ನೋಡಿ. ಮೂತಿ ಮುಂದಾಗಿ ಸಾಗಿದರೆ ಅದು ಹಾರಲು ಯೋಗ್ಯ, ಅಡ್ಡ ತಿರುಗಿದರೆ ಮಣ್ಣು ಇನ್ನಷ್ಟು ಬೇಕು.

ಬೇಕಲ ಕೋಟೆ ನೋಡಿ ಬಂದ ಮಕ್ಕಳು ಟಿಪ್ಪುವಿನ ರಾಕೆಟ್ ಮಾದರಿ ಮಾಡುತ್ತೇವೆ ಎನ್ನುತ್ತಾರೆ. ಮಾಡಿಸಬಹುದೇ?

ಪ್ರದರ್ಶನಕ್ಕಿಡುವ ಮಾದರಿಯಾದರೆ ಅವಶ್ಯ ಮಾಡಿಸಿ, ಹಾರಿಸುವುದಕ್ಕಲ್ಲ. ಮೈಸೂರಿನ ರಾಕೆಟ್ಟುಗಳ ಹೆಚ್ಚುಗಾರಿಕೆ ಇದ್ದದ್ದೇ ಕಬ್ಬಿಣದ ಕೊಳವೆಯಲ್ಲಿ. ಅದು ಹೆಚ್ಚು ಒತ್ತಡ ತಾಳಿಕೊಂಡ ಕಾರಣ ಅವು ದೂರ ಹೋಗುತ್ತಿದ್ದವು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ ಹಳೆಯ ಬಾವಿಯೊಂದರಿಂದ ಅಂಥ ಸಾವಿರಕ್ಕೂ ಮಿಕ್ಕಿ ಕೊಳವೆಗಳು ಹೊರಬಂದವು. ಯುದ್ಧದಲ್ಲಿ ಗುಣವಾದದ್ದು ಆಟದ ಮೈದಾನದಲ್ಲಿ ದೋಷ: ಲೋಹದ ಕೊಳವೆ ಸಿಡಿದರೆ ಚೂರುಗಳು ಹರಿತವಾಗಿ ಹಾರುತ್ತವೆ. ಅವಕ್ಕೆ ಕಟ್ಟುತ್ತಿದ್ದ ಉದ್ದನೆಯ ಬಿದಿರು ಮಾಡುತ್ತಿದ್ದದ್ದು ನಮ್ಮ ರೆಕ್ಕೆಗಳ ಕೆಲಸವನ್ನೇ ಎಂಬುದನ್ನು ಮಾತ್ರ ಮಕ್ಕಳಿಗೆ ತೋರಿಸಿಕೊಡಿ.

ಹಾರಿಸುವುದಕ್ಕೆ ಯಾವ ಜಾಗ ಒಳ್ಳೆಯದು? ಪಾರ್ಕಿನಲ್ಲಿ ಆಗದೇ?

ಪೇಟೆಯ ಪಾರ್ಕುಗಳು ಜಾರುಬಂಡಿ, ಉಯ್ಯಾಲೆ, ಬೆಂಚುಗಳಿಂದ ತುಂಬಿವೆ; ಅಲ್ಲಿ ಆಗುವುದಿಲ್ಲ. ಕಡಲ ತೀರ ಮೇಲ್ನೋಟಕ್ಕೆ ಯೋಗ್ಯವೆನಿಸಿದರೂ ಅಲ್ಲಿ ಗಾಳಿ ಜೋರು, ಮರಳಿನ ಪಟ್ಟಿ ಕಿರಿದು, ಹಲವೆಡೆ ಕಲ್ಲಿನ ತಡೆಗೋಡೆ. ಬೇಕಲದಂಥ ಜನ ಸೇರುವ ತಾಣವನ್ನು ಯೋಚಿಸಲೇಬೇಡಿ. ಉಳಿಯುವುದು ಶಾಲೆಯ ಅಥವಾ ಪಂಚಾಯತಿನ ಮೈದಾನ, ಕೊಯ್ಲಾದ ಬೈಲುಗದ್ದೆ ಮತ್ತು ಮುರಕಲ್ಲಿನ ಪದವು. ಗದ್ದೆ ಎಲ್ಲಕ್ಕಿಂತ ಮೇಲು, ಏಕೆಂದರೆ ಬಿದ್ದ ರಾಕೆಟ್ ಒಡೆಯುವುದಿಲ್ಲ. ಆದರೆ ಬದಿಯಲ್ಲೇ ತೋಟವಿರುತ್ತದೆ. ಪದವು ವಿಶಾಲವಾಗಿರುತ್ತದೆ, ನೆಲ ಮಾತ್ರ ಬಾಟಲಿಗಳನ್ನು ತಿನ್ನುತ್ತದೆ.

ಅಳತೆಯ ಲೆಕ್ಕಕ್ಕೆ ಹೇಳುವುದಾದರೆ, ಐವತ್ತು ಮೀಟರ್ ಎತ್ತರಕ್ಕೆ ಹೋಗುವ ರಾಕೆಟ್ಟಿಗೆ ಫುಟ್ಬಾಲ್ ಮೈದಾನದಷ್ಟು, ಅಂದರೆ ಸುಮಾರು ನೂರು ಮೀಟರ್ ಉದ್ದ ಮತ್ತು ಅರುವತ್ತೆಪ್ಪತ್ತು ಮೀಟರ್ ಅಗಲದ ಬಯಲು ಬೇಕು. ಜಾಗ ಚಿಕ್ಕದಾದರೆ ಒತ್ತಡ ಇಳಿಸಿರಿ.

ಯಾರ ಅನುಮತಿ ಬೇಕು? ಅರ್ಜಿಯನ್ನು ಮಲಯಾಳದಲ್ಲೇ ಬರೆಯಬೇಕೇ?

ಶಾಲೆಯ ಮೈದಾನಕ್ಕೆ ಮುಖ್ಯೋಪಾಧ್ಯಾಯರ, ಪಂಚಾಯತ್ ಮೈದಾನಕ್ಕೆ ಪಂಚಾಯತ್ ಕಾರ್ಯದರ್ಶಿಯ, ಗದ್ದೆಗೆ ಅದರ ಯಜಮಾನರ ಒಪ್ಪಿಗೆಯನ್ನು ಲಿಖಿತವಾಗಿ ಪಡೆಯಿರಿ. ಜನ ಸೇರುವ ಕಾರ್ಯಕ್ರಮವಾದರೆ ಠಾಣೆಗೂ ಒಂದು ಪ್ರತಿ ಕೊಡುವುದು ಒಳ್ಳೆಯದು. ಅರ್ಜಿಯ ಮೊದಲ ವಾಕ್ಯದಲ್ಲೇ ‘ನೀರು ಮತ್ತು ಗಾಳಿಯ ಒತ್ತಡದಿಂದ ಹಾರುವ, ಮದ್ದು ಅಥವಾ ಬೆಂಕಿ ಬಳಸದ’ ಎಂಬ ವಿವರಣೆ ಇರಲಿ; ಅದಿಲ್ಲದೆ ‘ರಾಕೆಟ್ ಉಡಾವಣೆ’ ಎಂದಷ್ಟೇ ಬರೆದರೆ ಕಡತ ಮೇಜಿನಿಂದ ಮೇಜಿಗೆ ಅಲೆಯುತ್ತದೆ.

ಭಾಷೆಯ ಬಗ್ಗೆ: 1969ರ ಕೇರಳ ಅಧಿಕೃತ ಭಾಷಾ ಕಾಯಿದೆಯು ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರಿಗೆ ತಮ್ಮ ಪ್ರದೇಶದ ಸರಕಾರಿ ಕಚೇರಿಗಳೊಂದಿಗೆ ತಮ್ಮ ಭಾಷೆಯಲ್ಲೇ ವ್ಯವಹರಿಸುವ ಮತ್ತು ಅದೇ ಭಾಷೆಯಲ್ಲಿ ಉತ್ತರ ಪಡೆಯುವ ಅವಕಾಶ ಕೊಟ್ಟಿದೆ. ಆದ್ದರಿಂದ ಕನ್ನಡದಲ್ಲಿಯೇ ಬರೆಯಿರಿ. ಕೆಲಸ ಬೇಗ ಆಗಲಿ ಎಂದು ಮಲಯಾಳದ ಪ್ರತಿಯೊಂದನ್ನು ಜತೆಗಿಡುವುದು ನಿಮ್ಮ ಇಷ್ಟ. ಕನ್ನಡದ ಮೂಲವನ್ನು ಕೈಬಿಡಬೇಡಿ.

ವಿಮಾನ ನಿಲ್ದಾಣದ ತೊಂದರೆ ಇದೆಯೇ?

ಬಜಪೆಯ ನಿಲ್ದಾಣ ತಲಪಾಡಿ ಗಡಿಯಿಂದಲೇ ಸುಮಾರು ಇಪ್ಪತ್ತು ಕಿಲೋಮೀಟರ್ ದೂರದಲ್ಲಿದೆ, ಕಣ್ಣೂರಿನದು ಇನ್ನೂ ದೂರ. ಐವತ್ತು ಮೀಟರಿನ ನೀರಿನ ರಾಕೆಟ್ಟಿಗೆ ಇದು ಚಿಂತೆಯಲ್ಲ. ಜಿಲ್ಲೆಯ ದಕ್ಷಿಣದವರು ಮಾತ್ರ ಏಳಿಮಲದ ನೌಕಾ ಅಕಾಡೆಮಿಯ ಸನಿಹಕ್ಕೆ ಹೋಗದಿರುವುದು ಲೇಸು.

ವರ್ಷದ ಯಾವ ಕಾಲ, ದಿನದ ಯಾವ ಹೊತ್ತು ಒಳ್ಳೆಯದು?

ಡಿಸೆಂಬರಿನಿಂದ ಮಾರ್ಚ್ ನಡುವಿನ ಬೆಳಿಗ್ಗೆ ಏಳರಿಂದ ಒಂಬತ್ತೂವರೆ. ಆ ಹೊತ್ತಿಗೆ ಗಾಳಿ ಬಹುಮಟ್ಟಿಗೆ ನಿಂತಿರುತ್ತದೆ. ಬಿಸಿಲೇರಿದಂತೆ ಕಡಲಗಾಳಿ ಎದ್ದು ಎಲ್ಲವನ್ನೂ ಮೂಡು ದಿಕ್ಕಿಗೆ ಒಯ್ಯುತ್ತದೆ. ತೆಂಗಿನ ಗರಿಗಳು ಒಂದೇ ಸಮನೆ ಒಂದು ಕಡೆಗೆ ಬಾಗಿ ನಿಂತಿವೆಯೆಂದಾದರೆ ಅಂದಿನ ಹಾರಾಟ ಮುಗಿಯಿತೆಂದೇ ತಿಳಿಯಬೇಕು.

ಏಪ್ರಿಲ್, ಮೇ ತಿಂಗಳುಗಳಲ್ಲೂ, ಅಕ್ಟೋಬರ್, ನವೆಂಬರಿನಲ್ಲೂ ಮಧ್ಯಾಹ್ನದ ಬಳಿಕ ಸಿಡಿಲಿನ ಭಯವಿದೆ. ಕೇರಳದ ವಿಪತ್ತು ನಿರ್ವಹಣಾ ಪ್ರಾಧಿಕಾರವು ಮಧ್ಯಾಹ್ನ ಎರಡರಿಂದ ರಾತ್ರಿ ಹತ್ತರವರೆಗಿನ ಹೊತ್ತನ್ನು ವಿಶೇಷವಾಗಿ ಎಚ್ಚರಿಸುತ್ತದೆ. ಬಯಲಿನಲ್ಲಿ ನಿಂತು ಆಕಾಶ ನೋಡುವ ಕೆಲಸ ಇದಾದ್ದರಿಂದ ಗುಡುಗಿನ ಮೊದಲ ಸದ್ದಿಗೇ ಎಲ್ಲರೂ ಕಟ್ಟಡದೊಳಗೆ ಸೇರಬೇಕು. ಬೇಸಗೆಯಲ್ಲಿ ಪದವಿನ ಮುಳಿಹುಲ್ಲು ಒಣಗಿ ನಿಂತಿರುತ್ತದೆ. ಮದ್ದಿನ ಮೋಟಾರನ್ನು ನಾವು ಒಪ್ಪದಿರುವುದಕ್ಕೆ ಅದೂ ಒಂದು ಕಾರಣ.

ಹಾರಿಸುವಾಗ ಯಾರು ಎಲ್ಲಿ ನಿಲ್ಲಬೇಕು?

ಹಗ್ಗ ಎಳೆಯುವವರು ಪೀಠದಿಂದ ಕನಿಷ್ಠ ಐದು ಮೀಟರ್, ನೋಡುವವರು ಹದಿನೈದು ಮೀಟರ್ ದೂರದಲ್ಲಿ, ಗಾಳಿ ಬರುವ ದಿಕ್ಕಿಗೆ ನಿಲ್ಲಬೇಕು. ಪಂಪು ಒತ್ತುವವರ ಕಣ್ಣಿಗೆ ಕನ್ನಡಕ ಬೇಕು, ಪಂಪಿನ ಕೊಳವೆಯೂ ಉದ್ದವಾಗಿರಬೇಕು. ಪೀಠವನ್ನು ನೆಟ್ಟಗೆ ನಿಲ್ಲಿಸಿ. ಗಾಳಿಗೆ ಎದುರಾಗಿ ತುಸು ವಾಲಿಸಬಹುದಾದರೂ ಲಂಬದಿಂದ 30 ಡಿಗ್ರಿಗಿಂತ ಹೆಚ್ಚು ಎಂದೂ ವಾಲಬಾರದು. ಐದರಿಂದ ಕೆಳಕ್ಕೆ ಗಟ್ಟಿಯಾಗಿ ಎಣಿಸಿ. ಮಕ್ಕಳಿಗೆ ಖುಷಿಯಾಗಲೆಂದಲ್ಲ, ಎಲ್ಲರ ಕಣ್ಣು ಮೇಲಿರಲಿ ಎಂದು. ನೀರು ಖಾಲಿಯಾದ ಬಾಟಲಿ ಹಗುರವೆಂದು ತಾತ್ಸಾರ ಬೇಡ, ಮೂತಿ ಕೆಳಗಾಗಿ ಬಂದರೆ ಅದರ ವೇಗ ಚಿಕ್ಕದಲ್ಲ. ಆದ್ದರಿಂದ ಮೂತಿಗೆ ಸ್ಪಂಜು ಅಥವಾ ಅರ್ಧ ಕತ್ತರಿಸಿದ ಟೆನಿಸ್ ಚೆಂಡು ಕಡ್ಡಾಯ. ಬೀಳುವ ರಾಕೆಟ್ಟನ್ನು ಕ್ರಿಕೆಟ್ ಚೆಂಡಿನಂತೆ ಹಿಡಿಯಲು ಓಡುವ ಹುಡುಗ ಪ್ರತಿಯೊಂದು ಗುಂಪಿನಲ್ಲೂ ಇರುತ್ತಾನೆ; ಅವನಿಗೆ ಎಣಿಸುವ ಜವಾಬ್ದಾರಿ ಕೊಟ್ಟುಬಿಡಿ.

ಹಗ್ಗ ಎಳೆದರೂ ರಾಕೆಟ್ ಬಿಡಲಿಲ್ಲ. ಏನು ಮಾಡುವುದು?

ಹತ್ತಿರ ಹೋಗಬೇಡಿ. ಒಂದು ನಿಮಿಷ ಕಾಯಿರಿ. ಬಳಿಕ ದೂರದಿಂದಲೇ ಪಂಪಿನ ಬದಿಯ ಕವಾಟ ತೆರೆದು ಒತ್ತಡ ಇಳಿಸಿ, ಮಾಪಕ ಸೊನ್ನೆ ತೋರಿಸಿದ ಮೇಲೆ ಹಿರಿಯರೊಬ್ಬರು ಮಾತ್ರ ಹೋಗಿ ನೋಡಲಿ. ಅಂಥ ಕವಾಟವಿಲ್ಲದ ಪೀಠವನ್ನು ಮೈದಾನಕ್ಕೆ ತರಲೇಬಾರದು.

ಪ್ಯಾರಾಚೂಟ್ ಬೇಕೇ?

ಆರಂಭದಲ್ಲಿ ಬೇಡ. ಐವತ್ತು ಮೀಟರ್ ಎತ್ತರದಿಂದ ಸೆಕೆಂಡಿಗೆ ಮೂರು ಮೀಟರಿನಂತೆ ಇಳಿಯುವ ರಾಕೆಟ್ ಸುಮಾರು ಹದಿನೇಳು ಸೆಕೆಂಡು ಗಾಳಿಯಲ್ಲಿರುತ್ತದೆ. ಸೆಕೆಂಡಿಗೆ ನಾಲ್ಕು ಮೀಟರಿನ ಸಾಧಾರಣ ಗಾಳಿಯಿದ್ದರೂ ಅಷ್ಟರಲ್ಲಿ ಅದು ಅರುವತ್ತೇಳು ಮೀಟರ್ ದೂರ ಸಾಗಿ ನೇರವಾಗಿ ತೋಟಕ್ಕೆ ಹೋಗುತ್ತದೆ. ಉದ್ದನೆಯ ರಿಬ್ಬನ್ ಬಾಲ ಕಟ್ಟಿದರೆ ವೇಗವೂ ತಗ್ಗುತ್ತದೆ, ದೂರವೂ ಹೋಗುವುದಿಲ್ಲ. ದೊಡ್ಡ ಬಯಲು ಸಿಕ್ಕಿದರೆ ಹಳೆಯ ಕೊಡೆಯ ಬಟ್ಟೆಯಿಂದ ಪ್ಯಾರಾಚೂಟ್ ಹೊಲಿಯಿರಿ. ಮೂತಿಯ ಟೋಪಿಯನ್ನು ಸಡಿಲವಾಗಿಟ್ಟರೆ ರಾಕೆಟ್ ತುದಿ ಮುಟ್ಟಿ ಮಗುಚುವಾಗ ಅದು ತಾನಾಗಿ ಕಳಚಿಕೊಳ್ಳುತ್ತದೆ, ಪ್ರತಿ ಸಲವೂ ಅಲ್ಲದಿದ್ದರೂ.

ರಾಕೆಟ್ ಅಡಿಕೆ ಮರದಲ್ಲಿ ಸಿಕ್ಕಿಕೊಂಡರೆ?

ತೋಟದ ಯಜಮಾನರನ್ನು ಕೇಳಿ ಒಳಗೆ ಹೋಗಿರಿ. ಅವರಲ್ಲಿ ದೋಟಿ ಇದ್ದೇ ಇರುತ್ತದೆ, ತೆಗೆಯಲು ತಿಳಿದವರೂ ಇರುತ್ತಾರೆ. ಮಕ್ಕಳನ್ನು ಮರ ಹತ್ತಿಸಬೇಡಿ. ಹತ್ತಿರದಲ್ಲಿ ವಿದ್ಯುತ್ ತಂತಿ ಹಾದುಹೋಗಿದ್ದರೆ ದೋಟಿ ಎತ್ತಲೇಬಾರದು, ಅಲ್ಯೂಮಿನಿಯಮ್ ದೋಟಿಯಂತೂ ಸಾವನ್ನು ಕೈಯಲ್ಲಿ ಹಿಡಿದಂತೆ. ತಂತಿಗೇ ಸಿಕ್ಕಿಕೊಂಡರೆ ವಿದ್ಯುತ್ ಕಚೇರಿಗೆ ತಿಳಿಸಿ, ಅಲ್ಲಿಗೆ ಆ ರಾಕೆಟ್ಟನ್ನು ಮರೆಯಿರಿ.

ಎಷ್ಟು ಎತ್ತರ ಹೋಯಿತೆಂದು ತಿಳಿಯುವುದು ಹೇಗೆ?

ಪೀಠದಿಂದ ಸರಿಯಾಗಿ 50 ಮೀಟರ್ ದೂರದಲ್ಲಿ ನಿಂತು, ಕೋನಮಾಪಕಕ್ಕೆ ದಾರ ಮತ್ತು ತೂಕ ಕಟ್ಟಿ, ಅದರ ಅಂಚಿನ ಮೇಲೆ ಕಣ್ಣಿಟ್ಟು ರಾಕೆಟ್ಟಿನ ತುತ್ತತುದಿಯನ್ನು ನೋಡಿ. ಕೋನ 30 ಡಿಗ್ರಿಯಾದರೆ ಎತ್ತರ ಸುಮಾರು 29 ಮೀಟರ್, 40 ಆದರೆ 42, 45 ಆದರೆ 50. ಇವಕ್ಕೆ ನೋಡುವವರ ಕಣ್ಣಿನ ಎತ್ತರವನ್ನು ಕೂಡಿಸಬೇಕು. ಹತ್ತನೆಯ ತರಗತಿಯ ತ್ರಿಕೋನಮಿತಿಗೆ ಇದಕ್ಕಿಂತ ಒಳ್ಳೆಯ ಲೆಕ್ಕ ಪಠ್ಯಪುಸ್ತಕದಲ್ಲಿಲ್ಲ. ರಾಕೆಟ್ ವಾಲಿ ಹೋದರೆ ಲೆಕ್ಕ ತಪ್ಪುತ್ತದೆ, ಆದ್ದರಿಂದ ಎದುರುಬದುರಾಗಿ ಇಬ್ಬರು ನಿಂತು ಅಳೆದು ಸರಾಸರಿ ತೆಗೆಯಲಿ.

ಎಷ್ಟು ವಯಸ್ಸಿನ ಮಕ್ಕಳು ಮಾಡಬಹುದು?

ಹತ್ತು ವರ್ಷ ದಾಟಿದವರು ಹಿರಿಯರ ಜತೆಯಲ್ಲಿ. ಅದಕ್ಕಿಂತ ಚಿಕ್ಕವರಿಗೆ ಕಾಗದದ ಕೊಳವೆಯನ್ನು ಪೈಪಿನ ತುದಿಗೆ ಸಿಕ್ಕಿಸಿ, ಇನ್ನೊಂದು ತುದಿಯ ಖಾಲಿ ಬಾಟಲಿಯನ್ನು ಜಿಗಿದು ತುಳಿಸಿ ಹಾರಿಸುವ ಕಾಗದದ ರಾಕೆಟ್ ಸಾಕು. ಅದರಲ್ಲಿ ಕೂಡಿಟ್ಟ ಒತ್ತಡವೇ ಇರುವುದಿಲ್ಲ.

ಹಾಳಾದ ಬಾಟಲಿಗಳನ್ನು ಏನು ಮಾಡಬೇಕು?

ಮೈದಾನದಲ್ಲಿ ಬಿಡಬೇಡಿ, ಸುಡಲೂಬೇಡಿ. ಟೇಪು ಮತ್ತು ರೆಕ್ಕೆಗಳನ್ನು ಬಿಡಿಸಿ, ತೊಳೆದು ಒಣಗಿಸಿ, ಮನೆಗೆ ಬರುವ ಹರಿತ ಕರ್ಮ ಸೇನೆಯವರಿಗೆ ಕೊಡಿ. ಹಾಳೆಯ ರೆಕ್ಕೆಗಳನ್ನು ತೋಟದ ಬುಡಕ್ಕೆ ಹಾಕಬಹುದು, ವಾರ್ನಿಷ್ ಬಳಿದವನ್ನು ಬಿಟ್ಟು.